ಸೀಮೆಸುಣ್ಣದ ಮೇಲಿನ ಎಣ್ಣೆಗೆರೆ

ಸಾವಿರದ ಒಂಬೈನೂರ ನಲವತ್ತನಾಲ್ಕರ ಬೇಸಿಗೆ. ಬ್ಲ್ಯಾಕ್‌ಪಳ್ಳಿಗೆ ಇನ್ನೂ ಶಿವಾಜಿನಗರವೆಂಬ ಹೆಸರು ಬಂದಿರಲಿಲ್ಲ. ಅಲ್ಲಿನ ಮೋಟಾರು ಮೇಸ್ತ್ರಿ ಮುನಾವರನ ತಗಡಿನ ಷೆಡ್ಡಿಗೆ ಹಲಸೂರಿನ ಸಾಹುಕಾರರೊಬ್ಬರ ಕಾರನ್ನು ಜೋಡೆತ್ತುಗಳು ಎಳೆದು ತಂದವು. ಹದಿನೆಂಟು ವರ್ಷದ ಹಳೇ ಕಾರು. ಹಿತ್ತಾಳೆ ದೀಪ, ಮಡಚುವ ಕ್ಯಾನ್ವಾಸ್ ಚಾವಣಿ. ಹಿಂದೆಯೇ ಅದರ ಡ್ರೈವರ್ ಅಂಜನಮೂರ್ತಿ ನಡೆದು ಬಂದ. ಮುನಾವರನಿಗೂ ಅವನಿಗೂ ಹದಿನೈದು ವರ್ಷದ ಗೆಳೆತನ. ಆವತ್ತು ಅವನು ಗೆಳೆಯನ ಮುಖ ನೋಡಲಿಲ್ಲ.

“ಸಾಹುಕಾರ್ರು ರಿಪೇರಿ ಮಾಡ್ಸು ಅಂದವ್ರೆ. ಮಾಡಿ,” ಅಂದ.

ಹದಿನೈದು ವರ್ಷ ‘ಲೋ ಮುನಾವರ್’ ಎಂದು ಕೂಗಿದ ಬಾಯಿ ಅದು. ಗೆಳೆಯ ಬೈದರೆ ಅರಗಿಸಿಕೊಳ್ಳಬಹುದು. ಮರ್ಯಾದೆ ಕೊಟ್ಟರೆ ಅರಗುವುದಿಲ್ಲ. ಮುನಾವರ್ ಬಾನೆಟ್ಟು ಎತ್ತಿದ.

ನಡೆದದ್ದು ಇಷ್ಟು. ಇಂಜಿನ್ನಿನಿಂದ ಎಣ್ಣೆ ಸೋರುತ್ತದೆಂದು ಮುನಾವರ್ ಅದರ ತಳದ ಸಂದಿಗೆ ಎಣ್ಣೆ ತಡೆಯುವ ಹೊಸ ಕಾರ್ಕಿನ ಪಟ್ಟಿ ಕೂರಿಸಿ ಕೊಟ್ಟಿದ್ದ. ಅದಾದ ಮೂರನೇ ದಿನ ಅಂಜನಮೂರ್ತಿ ಒಳ್ಳೆಯ ಗಳಿಗೆ ನೋಡಿ, ತುಂಬು ಬಸುರಿ ಮಗಳು ಆದಿಲಕ್ಷ್ಮಿಯನ್ನು ಬಾಣಂತನಕ್ಕೆಂದು ಕೃಷ್ಣರಾಜಪುರದ ಗಂಡನ ಮನೆಯಿಂದ ಕರೆತರಲು ಹೋದ. ಸಾಹುಕಾರರು ದೊಡ್ಡ ಮನಸ್ಸು ಮಾಡಿ ಕಾರು ಕೊಟ್ಟಿದ್ದರು. ಬರುವ ದಾರಿಯಲ್ಲೇ ಹುಡುಗಿಗೆ ನೋವು ಕಾಣಿಸಿಕೊಂಡಿತು. ಬೈಯಪ್ಪನಹಳ್ಳಿಯ ಹತ್ತಿರ ಎಣ್ಣೆಯೆಲ್ಲ ಸೋರಿಹೋದ ಇಂಜಿನ್ನು ಕಿರುಗುಟ್ಟಿ ಹಿಡಿದುಕೊಂಡು ನಿಂತೇಬಿಟ್ಟಿತು. ಎತ್ತಿನ ಗಾಡಿ ಹುಡುಕಿ ದಂಡಿನ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮೂರು ಗಂಟೆ ಕಳೆದಿತ್ತು. ಮಗಳು ಉಳಿದಳು. ಮಗು ಮಾತ್ರ ಉಸಿರಾಡಲೇ ಇಲ್ಲ.

“ಮುನಾವರನ ಕೆಲ್ಸಾನೇ ನನ್ನ ಮೊಮ್ಮಗನ್ನ ತಿಂದ್ಹಾಕ್ತು,” ಎಂದು ಅಂಜನಮೂರ್ತಿ ಹಲಸೂರಿನ ಪೇಟೆಬೀದಿಯಲ್ಲಿ ನಿಂತು ಅಂದನಂತೆ. ಮುನಾವರನಿಗೆ ಸಿಟ್ಟು ಬರಲಿಲ್ಲ. ಅವನಿಗೂ ಹಾಗೇ ಅನಿಸಿತ್ತು. ಹೆಂಡತಿ ಮಜೀದಾ ಬಡಿಸಿದ ಅನ್ನ ಹಾಗೇ ಬಿಟ್ಟು ಎದ್ದುಬಿಡುತ್ತಿದ್ದ. ಕಾರ್ಕು ಓರೆಯಾಗಿ ಕೂತಿತ್ತೇ? ಬೋಲ್ಟು ಬಿಗಿಯಲು ಮರೆತೆನೇ? ಈ ಕೈ ಒಂದು ಕೂಸನ್ನು ಕೊಂದಿತೇ, ಇಲ್ಲವೇ? ಅಷ್ಟು ತಿಳಿಯದೆ ಇನ್ನೊಂದು ಇಂಜಿನ್ನು ಮುಟ್ಟುವುದಿಲ್ಲ ಎಂದು ಅವನು ನಿಶ್ಚಯಿಸಿದ್ದ.

ಕರಗಿಹೋದ ಬೇರಿಂಗುಗಳನ್ನು ಹೊಸದಾಗಿ ಎರಕ ಹೊಯ್ದು ಕೂರಿಸಲು ಆರು ದಿನ ಹಿಡಿಯಿತು. ಅಷ್ಟೂ ದಿನ ಅಂಜನಮೂರ್ತಿ ಬಾಗಿಲ ಬೆಂಚಿನ ಮೇಲೆ ಕಾವಲಿನವನ ಹಾಗೆ ಕೂತಿದ್ದ. ಹೆಗಲ ಮೇಲೆ ಕೆಂಪು ಚೌಕಳಿಯ ಟವಲ್ಲು, ಅದೂ ಹರಿದು ಅರ್ಧ ಉಳಿದದ್ದು. ಅದರಲ್ಲೇ ಆಗಾಗ ಕಣ್ಣು ಒರೆಸಿಕೊಳ್ಳುತ್ತಿದ್ದ. ಠಾಕುಠೀಕಿನ ಮನುಷ್ಯ, ದುಃಖದಲ್ಲಿ ಇಷ್ಟು ಕೆಟ್ಟುಹೋದನಲ್ಲ ಎಂದು ಮುನಾವರ್ ಮರುಗಿದ.

ಏಳನೇ ದಿನ ಇಂಜಿನ್ನನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಮೈತುಂಬ ಸೀಮೆಸುಣ್ಣದ ಪುಡಿ ಬಳಿದ. ಸೋರುವ ಎಣ್ಣೆಗೆ ಬಿಳಿ ಪುಡಿಯ ಮೇಲೆ ಬಚ್ಚಿಟ್ಟುಕೊಳ್ಳಲು ಆಗುವುದಿಲ್ಲ. ಹ್ಯಾಂಡಲ್ ತಿರುಗಿಸಿ ಚಾಲೂ ಮಾಡಿದ. ಐದೇ ನಿಮಿಷಕ್ಕೆ ಹಿಂಬದಿಯಲ್ಲಿ ಕಪ್ಪು ಗೆರೆಯೊಂದು ಇಳಿಯಿತು. ಕಾರ್ಕು ಬದಲಿಸಿದ. ಮತ್ತೆ ಅದೇ ಗೆರೆ. ಮೂರನೇ ಸಲ ನೂಲು ಹಿಡಿದು ಅಳೆದು, ಕೂದಲೆಳೆಯಷ್ಟೂ ಓರೆಯಿಲ್ಲದ ಹಾಗೆ ಕೂರಿಸಿದ. ಆಗಲೂ ಇಳಿಯಿತು.

ಕೆಲಸ ಕಲಿಸಿದ ಜಿಯಾವುಲ್ಲಾ ಉಸ್ತಾದರ ಮಾತು ಆಗ ನೆನಪಾಯಿತು. ‘ತೊಟ್ಟಿಕ್ಕೋ ಜಾಗಾನ ಬೈಬೇಡ. ಅಲ್ಲಿಂದ ಮೇಲಕ್ಕೆ ಹತ್ತು.’ ಮುನಾವರ್ ಎಣ್ಣೆ ಹೊಯ್ಯುವ ಬಾಯಿಯ ಮುಚ್ಚಳ ತೆಗೆದ. ಒಳಗಿನಿಂದ ಬಿಸಿಗಾಳಿ ರಪ್ಪನೆ ಅಂಗೈಗೆ ಬಡಿಯಿತು. ಕೆಳಗೆ ಇಣುಕಿದರೆ ಸೋರಿಕೆ ನಿಂತಿತ್ತು. ಹಾಗಾದರೆ ತಪ್ಪು ಕಾರ್ಕಿನದಲ್ಲ. ಇಂಜಿನ್ನಿನ ಹೊಗೆ ಹೊರಗೆ ಹೋಗಲೆಂದು ಪಕ್ಕದಲ್ಲೊಂದು ಉಸಿರಿನ ಕೊಳವೆ ಇರುತ್ತದೆ. ಅದು ಕಟ್ಟಿಕೊಂಡರೆ ಒಳಗಿನ ಒತ್ತಡ ಎಣ್ಣೆಯನ್ನು ಸಿಕ್ಕ ಸಂದಿಯಿಂದ ದಬ್ಬುತ್ತದೆ.

ಅಂಜನಮೂರ್ತಿ ಚಹಾಕ್ಕೆಂದು ಎದ್ದು ಹೋಗಿದ್ದ. ಮುನಾವರ್ ಕಾರಿನಡಿ ತೆವಳಿ, ತಂತಿ ಬಗ್ಗಿಸಿ ಕೊಳವೆಯೊಳಗೆ ಕೆದಕಿದ. ಕಪ್ಪಗೆ ನೆಂದ ಬಟ್ಟೆಯ ಮುದ್ದೆಯೊಂದು ಬಂತು. ಯಾರೋ ಜತನದಿಂದ ತುರುಕಿದ್ದು. ಸೀಮೆಎಣ್ಣೆಯಲ್ಲಿ ಅದ್ದಿ ಹಿಂಡಿದ. ಕೆಂಪು ಚೌಕಳಿ ಕಾಣಿಸಿತು.

ಮೊದಲು ಬಂದದ್ದು ಸಂತೋಷ. ಸುಳ್ಳು ಯಾಕೆ ಹೇಳಬೇಕು, ನಾಚಿಕೆಗೆಟ್ಟ ಸಂತೋಷ. ನನ್ನ ಕೈ ಅಲ್ಲ! ಹಲಸೂರಿನ ಪೇಟೆಬೀದಿಗೆ ಓಡಿ ಈ ಬಟ್ಟೆ ಎತ್ತಿ ಹಿಡಿಯಬೇಕು ಅನ್ನಿಸಿತು.

ಆದರೆ ಉಸ್ತಾದರ ಮಾತು ಅಷ್ಟಕ್ಕೆ ಬಿಡಲಿಲ್ಲ. ಇನ್ನೂ ಮೇಲಕ್ಕೆ ಹತ್ತು ಅಂದಿತು. ಕಾರು ಒಪ್ಪಿಸಿದ ದಿನ ಅಂಜನಮೂರ್ತಿ ಕೇಳಿದ್ದ: “ಲೋ, ಕಾಲಡಿ ಹಲಗೆ ಸಂದೀಲಿ ಹೊಗೆ ಬರ್ತದಲ್ಲೋ. ಆದಿಲಕ್ಷ್ಮಿಗೆ ಈ ವಾಸ್ನೆ ಆಗಲ್ಲ, ವಾಂತಿ ಮಾಡ್ಕೊಂತಾಳೆ. ಏನಾದ್ರೂ ಮಾಡೋ.” ತಾನು ಏನಂದಿದ್ದ? “ಮುದಿ ಗಾಡಿ ಅಂಜನಣ್ಣ, ಕೆಮ್ತದೆ. ನಿನ್ ಮಗ್ಳಿಗೆ ಮೂಗು ಮುಚ್ಕೊಳಕ್ಕೆ ಹೇಳು,” ಎಂದು ನಕ್ಕಿದ್ದ. ಆ ಉಸಿರಿನ ಕೊಳವೆಯ ಬಾಯಿಗೆ ಎರಡು ಅಡಿ ತಗಡಿನ ಕೊಳವೆ ಜೋಡಿಸಿ ಹೊಗೆಯನ್ನು ಹಿಂದಕ್ಕೆ ಬಿಟ್ಟಿದ್ದರೆ ಸಾಕಿತ್ತು. ಅರ್ಧ ಗಂಟೆಯ ಕೆಲಸ. ಮೇಸ್ತ್ರಿ ಮಾಡಲಿಲ್ಲ. ಮುಚ್ಚಬೇಡ ಎಂದೂ ಹೇಳಲಿಲ್ಲ. ಅಪ್ಪನಾದವನು ತನಗೆ ತೋಚಿದ್ದನ್ನು ಮಾಡಿದ.

ಬೆಂಚಿನ ಸದ್ದಾಯಿತು. ಮುನಾವರ್ ಬಟ್ಟೆಯನ್ನು ಸರಕ್ಕನೆ ಜೇಬಿಗೆ ಸೇರಿಸಿ ಎದ್ದು ನಿಂತ.

“ಸಿಕ್ತಾ?” ಎಂದು ಅಂಜನಮೂರ್ತಿ ಕೇಳಿದ.

“ಸಿಕ್ತು. ತಪ್ಪು ನಂದೇ, ಅಣ್ಣ. ನೀನು ಹೊಗೆ ಬರ್ತದೆ ಅಂದಾಗ ಕೊಳವೆ ಹಾಕ್ಬೇಕಿತ್ತು. ನಕ್ಬಿಟ್ಟೆ.”

ಅಂಜನಮೂರ್ತಿಯ ಕಣ್ಣು ಮೇಸ್ತ್ರಿಯ ಬಿಳಿ ಜುಬ್ಬದ ಜೇಬಿನಲ್ಲಿ ನೆಟ್ಟಿತ್ತು. ಜೇಬಿನಿಂದ ಕಪ್ಪೆಣ್ಣೆ ನಿಧಾನವಾಗಿ ಕೆಳಗಿಳಿಯುತ್ತಿತ್ತು. ಅವನು ಹತ್ತಿರ ಬಂದು ತಾನೇ ಜೇಬಿಗೆ ಕೈಹಾಕಿ ಬಟ್ಟೆ ತೆಗೆದ. ಹೆಗಲ ಮೇಲಿನ ತುಂಡನ್ನು ಎಳೆದು ಪಕ್ಕದಲ್ಲಿ ಹಿಡಿದ. ಹರಿದ ಅಂಚಿಗೆ ಅಂಚು ಸರಿಯಾಗಿ ಕೂಡಿತು.

“ನಾನಾ?” ಅಂದ. “ಹೊಗೆ ನಿಲ್ಲಲಿ ಅಂತ ತುರುಕ್ದೆ. ಅವ್ಳಿಗೆ ವಾಂತಿ ಆಗ್ದೆ ಇರ್ಲಿ ಅಂತ. ದಾರೀಲಿ ಒಂದ್ಸಲಾನೂ ಆಗ್ಲಿಲ್ಲ ಕಣೋ. ‘ಅಪ್ಪಯ್ಯ, ಇವತ್ತು ವಾಸ್ನೇನೇ ಇಲ್ಲ’ ಅಂದ್ಲು. ಖುಷಿಪಟ್ಟೆ.”

ಮುನಾವರ್ ಅವನನ್ನು ಬೆಂಚಿನ ಮೇಲೆ ಕೂರಿಸಿ ತಾನೂ ಕೂತ. “ನಾವಿಬ್ರೂ, ಅಣ್ಣ,” ಎಂದಷ್ಟೇ ಹೇಳಿದ.

ಆಮೇಲೆ ಮುನಾವರ್ ತಗಡು ಕತ್ತರಿಸಿ ಕೊಳವೆ ಮಾಡಿದ. ಅಂಜನಮೂರ್ತಿ ಹಿಡಿದುಕೊಂಡ, ಇವನು ಬೆಸೆದ. ಹೊಸ ಪುಡಿ ಬಳಿದು ಅರ್ಧ ಗಂಟೆ ಇಂಜಿನ್ನು ಓಡಿಸಿದರು. ಹೊಗೆ ಹಿಂದಕ್ಕೆ ಹೋಯಿತು. ಪುಡಿಯ ಬಿಳುಪು ಹಾಗೇ ಉಳಿಯಿತು.

ಅಂಜನಮೂರ್ತಿ ಟವಲ್ಲಿನ ಎರಡೂ ತುಂಡುಗಳನ್ನು ಒಟ್ಟಿಗೆ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಸ್ಟಿಯರಿಂಗ್ ಮುಂದೆ ಕೂತ. ಗಾಡಿ ಬಿಡಲಿಲ್ಲ.

“ಹತ್ತೋ ಮುನಾವರ್,” ಅಂದ. “ಆದಿಲಕ್ಷ್ಮಿಗೆ ನಾನೇ ಹೇಳ್ಬೇಕು. ಒಬ್ಬನ ಕೈಲಾಗಲ್ಲ. ನೀನು ಪಕ್ಕದಲ್ಲಿರು.”