ಒಮ್ಮೆ ಆಡಿದ ‘ಇಲ್ಲ’

“ಸ್ತೇಯ್ನಾರ್ ಕುಡಿದಿದ್ದ ತಾನೇ?” ಎಂದು ಉನ್ನುರ್ ಕೇಳಿದಾಗ, ಬಿಸಿನೀರಿನ ತೊಟ್ಟಿಯಲ್ಲಿ ಕುತ್ತಿಗೆಯವರೆಗೆ ಮುಳುಗಿ ಕೂತಿದ್ದ ಎಲ್ಲರೂ ಹೆರ್ದಿಸಳ ಕಡೆ ತಿರುಗಿದರು. ಅವರ ತಲೆಗಳ ಮೇಲೆ ಸಣ್ಣಗೆ ಹಿಮ ಬೀಳುತ್ತಿತ್ತು.

ಐಸ್‌ಲ್ಯಾಂಡಿನ ಉಳಿದ ಊರುಗಳಂತೆ ಈ ಊರಿಗೂ ಈಜುಕೊಳದ ಪಕ್ಕದ ತೊಟ್ಟಿಯೇ ಹರಟೆಕಟ್ಟೆ. ಚಳಿಗಾಲದ ಮಧ್ಯಾಹ್ನ ಒಂದಿಷ್ಟು ಬೆಳಕು ಇರುವಾಗ ಜನ ಅಲ್ಲಿ ಸೇರುತ್ತಿದ್ದರು. ಬಟ್ಟೆಯ ಜೊತೆಗೆ ಹುದ್ದೆಯನ್ನೂ ಕಳಚಿಟ್ಟು ನೀರಿಗಿಳಿಯುವುದು ರೂಢಿ. ಹೆರ್ದಿಸಳಿಗೆ ಮಾತ್ರ ಅದು ಆಗುತ್ತಿರಲಿಲ್ಲ. ಕಣಿವೆ ದಾರಿಯ ಈಚೆಗಿನ ಮೂರು ಊರುಗಳಿಗೆ ಅವಳೊಬ್ಬಳೇ ಆಪ್ತಸಮಾಲೋಚಕಿ. ಊರಿನ ಅರ್ಧ ಗುಟ್ಟು ಅವಳ ಹೊಟ್ಟೆಯಲ್ಲಿತ್ತು. ಇನ್ನರ್ಧ ಈ ತೊಟ್ಟಿಯಲ್ಲಿ ಪುಕ್ಕಟೆ ಸಿಗುತ್ತಿತ್ತು.

ಉನ್ನುರಳ ಮಗ ಓರ್ರಿ, ಮೂವತ್ತೆರಡರ ಗಂಡಸು, ಅಕ್ಟೋಬರಿನಲ್ಲಿ ಸ್ತೇಯ್ನಾರನ ಮೀನುದೋಣಿಯಿಂದ ಸಮುದ್ರಕ್ಕೆ ಬಿದ್ದು ಸತ್ತಿದ್ದ. ಅಲೆಯಿಲ್ಲದ ದಿನ; ದೋಣಿಯಲ್ಲಿದ್ದವರು ಇಬ್ಬರೇ. ಹೆಣ ಸಿಗಲಿಲ್ಲ. ‘ಜಾರಿದ’ ಎಂದಷ್ಟೇ ಸ್ತೇಯ್ನಾರ್ ಪೊಲೀಸರಿಗೆ ಹೇಳಿದ. ಸ್ತೇಯ್ನಾರನೇ ಕುಡಿದಿದ್ದನೆಂದು ಊರು ಪಿಸುಗುಟ್ಟಿತು. ಕುಡಿದಿದ್ದವನು ಓರ್ರಿ, ಅವನ ತಾಯಿ ಬದುಕಿರುವತನಕ ಆ ಮಾತು ಹೊರಗೆ ಹೋಗಕೂಡದು ಎಂದು ಹೆರ್ದಿಸಳ ಕೋಣೆಯಲ್ಲಿ, ಮೂರನೆಯ ಭೇಟಿಯಲ್ಲಿ, ಗೋಡೆ ನೋಡಿಕೊಂಡು ಸ್ತೇಯ್ನಾರ್ ಹೇಳಿದ್ದ.

“ಪ್ರತಿ ಮಂಗಳವಾರ ಅವನ ಗಾಡಿ ನಿನ್ನ ಬಾಗಿಲಲ್ಲೇ ನಿಂತಿರುತ್ತೆ. ಹವಾಮಾನ ಮಾತಾಡೋಕಂತೂ ಬರಲ್ಲ,” ಎಂದ ಗೆಸ್ತುರ್. ನಿವೃತ್ತ ಪೋಸ್ಟ್‌ಮಾಸ್ಟರ್; ಮೂವತ್ತು ವರ್ಷ ಬೇರೆಯವರ ಲಕೋಟೆ ಒಡೆಯದೆ ಕಳೆದ ಸಂಕಟವನ್ನು ಈಗ ತೀರಿಸಿಕೊಳ್ಳುತ್ತಿದ್ದ.

“ನನ್ನ ಹತ್ರ ಯಾರು ಬರ್ತಾರೆ, ಏನು ಹೇಳ್ತಾರೆ ಅನ್ನೋದನ್ನ ನಾನು ಆಡಲ್ಲ,” ಎಂದಳು ಹೆರ್ದಿಸ್. ಕಾಲೇಜಿನ ಮೊದಲ ವರ್ಷದಲ್ಲೇ ಬಾಯಿಪಾಠ ಮಾಡಿಸಿದ ವಾಕ್ಯ.

“ಅಯ್ಯೋ ಬಿಡೇ! ಪಾದ್ರಿ ಹೆಂಡತಿ ಗಂಡನ್ನ ಬಿಡ್ತಾಳಂತೆ, ನಿನ್ನ ಹತ್ರ ಬರ್ತಾಳಂತೆ, ಹೌದಾ ಅಂತ ಹೋದ ಚಳಿಗಾಲ ಇಲ್ಲೇ ಕೇಳಿರಲಿಲ್ವಾ? ‘ಛೆ, ಅಂಥದ್ದೇನೂ ಇಲ್ಲ’ ಅಂದೆ. ಈಗಲೂ ಇಲ್ಲ ಅಂದುಬಿಡು, ಮುಗೀತು,” ಎಂದ ಗೆಸ್ತುರ್.

ಅಷ್ಟು ಬಿಸಿನೀರಿನಲ್ಲೂ ಹೆರ್ದಿಸಳ ಬೆನ್ನಿಗೆ ಚಳಿ ಹತ್ತಿತು. ಪಾದ್ರಿಯ ಹೆಂಡತಿ ಅಂಗಡಿಯಲ್ಲಿ ತಲೆತಗ್ಗಿಸಿ ನಿಂತಿದ್ದನ್ನು ಕಂಡು, ಕರುಳು ಚುರುಕ್ ಎಂದು ಆಡಿದ ಮಾತು ಅದು. ಒಮ್ಮೆ ‘ಇಲ್ಲ’ ಎಂದರೆ, ಮುಂದೆ ತಾನು ‘ಇಲ್ಲ’ ಎನ್ನದ್ದೆಲ್ಲ ‘ಹೌದು’ ಆಗಿಬಿಡುತ್ತದೆಂದು ಆಗ ಹೊಳೆದಿರಲಿಲ್ಲ.

ಉನ್ನುರ್ ನೀರಿನಲ್ಲೇ ಹತ್ತಿರ ಸರಿದಳು. “ನಾನು ಹೆತ್ತವಳು ಕಣೇ. ಬಾಯಿ ಬಿಡೋದೂ ಬೇಡ. ಇಲ್ಲ ಅನ್ನೋದಾದ್ರೆ ತಲೆ ಅಲ್ಲಾಡಿಸು, ಸಾಕು.”

ಹೆರ್ದಿಸ್ ಕುತ್ತಿಗೆಯನ್ನು ಬಿಗಿಹಿಡಿದು ಕೂತಳು.

“ಸರಿ,” ಎಂದಳು ಉನ್ನುರ್. “ಗೊತ್ತಾಯ್ತು.”

ಮಂಗಳವಾರದ ಹೊತ್ತಿಗೆ ಸುದ್ದಿ ಬಂದರಿನ ಮೂಲೆಮೂಲೆ ಮುಟ್ಟಿತ್ತು. ಸ್ತೇಯ್ನಾರನ ಜೊತೆ ಕಡಲಿಗಿಳಿಯಲು ಒಪ್ಪಿದ್ದವನಿಗೆ ಇದ್ದಕ್ಕಿದ್ದಂತೆ ಬೆನ್ನುನೋವು ಬಂದಿತ್ತು.

ತೊಟ್ಟಿಯಲ್ಲಿ ನಡೆದದ್ದನ್ನೂ ಅದರ ಹಿಂದಿನ ತನ್ನ ತಪ್ಪನ್ನೂ ಹೆರ್ದಿಸ್ ಆ ದಿನ ಕೋಣೆಗೆ ಬಂದ ಸ್ತೇಯ್ನಾರನಿಗೆ ಮುಚ್ಚುಮರೆಯಿಲ್ಲದೆ ಹೇಳಿದಳು. ಅವನು ಅಡ್ಡಬಾಯಿ ಹಾಕದೆ ಕೇಳಿಸಿಕೊಂಡ. ಹಾಗೆ ಕೇಳುವುದನ್ನು ಕಲಿಯಲು ಅವನು ಯಾವ ಕಾಲೇಜಿಗೂ ಹೋಗಿರಲಿಲ್ಲ.

“ಅಂದ್ರೆ ಪಾದ್ರಿ ಹೆಂಡತಿ ಬಚಾವಾದ್ಲು, ನಾನು ಸಿಕ್ಕಿಬಿದ್ದೆ.”

“ನೀನು ಒಪ್ಪಿದ್ರೆ ಊರಿಗೆ ಒಂದೇ ಮಾತು ಹೇಳ್ತೀನಿ. ನೀನು ಕುಡಿದಿರಲಿಲ್ಲ ಅಂತ. ಅಷ್ಟೇ.”

“ದೋಣೀಲಿದ್ದವರು ಇಬ್ರು, ಹೆರ್ದಿಸ್. ನಾನಲ್ಲ ಅಂದ್ರೆ ಇನ್ಯಾರು ಅಂತ ಲೆಕ್ಕ ಹಾಕೋಕೆ ಆ ಗೆಸ್ತುರ್‌ಗೆ ಎಷ್ಟು ಹೊತ್ತು ಬೇಕು?”

‘ನನ್ನನ್ನು ಕ್ಷಮಿಸಿದೆಯಾ’ ಎಂಬ ಮಾತು ಅವಳ ಗಂಟಲವರೆಗೆ ಬಂತು. ಕೇಳಿದ್ದರೆ ಅವನು ಕ್ಷಮಿಸಿಯೇಬಿಡುತ್ತಿದ್ದ. ಅವನು ಹೊತ್ತಿರುವುದರ ಮೇಲೆ ಅದೂ ಒಂದು ಹೊರೆ. ನುಂಗಿಕೊಂಡಳು.

“ದೋಣಿ ಮಾರಿದೆ,” ಎಂದ ಸ್ತೇಯ್ನಾರ್, ಟೊಪ್ಪಿಯನ್ನು ಕೈಯಲ್ಲಿ ತಿರುಗಿಸುತ್ತ. “ಭಾನುವಾರ ನಾನೇ ಓಡಿಸ್ಕೊಂಡು ಹೋಗಿ ರೇಕ್ಯಾವಿಕ್‌ನಲ್ಲಿ ಕೊಡ್ತೀನಿ. ಅಲ್ಲೇ ಅಣ್ಣನ ಗ್ಯಾರೇಜ್ ಇದೆ, ಕೆಲಸ ಕೊಡ್ತಾನಂತೆ. ನನ್ನ ಮಂಗಳವಾರ ಬೇರೆ ಯಾರಿಗಾದ್ರೂ ಕೊಟ್ಬಿಡು.”

ಆ ಮಂಗಳವಾರಕ್ಕೆ ಫೋನ್ ಮಾಡಿದವಳು ಉನ್ನುರ್. ಬೇಡವೆನ್ನಬೇಕಿತ್ತು. ಬೇಡವೆಂದರೆ ಕಾರಣ ಹೇಳಬೇಕು; ಕಾರಣವೇ ಗುಟ್ಟು. ಬೇರೆಯವರ ಹತ್ತಿರ ಹೋಗೆನ್ನಲು ಕಣಿವೆ ದಾರಿಯನ್ನು ಹಿಮ ಮುಚ್ಚಿತ್ತು. “ಬಾ,” ಎಂದಳು ಹೆರ್ದಿಸ್.

ಉನ್ನುರ್ ಕೋಟು ಬಿಚ್ಚದೆ ಕುರ್ಚಿಯ ಅಂಚಿಗೆ ಕೂತಳು. “ಇಲ್ಲಿ ಆಡಿದ್ದು ಇಲ್ಲೇ ಇರುತ್ತೆ ತಾನೇ? ನಾನಷ್ಟು ಗೋಗರೆದ್ರೂ ಅವತ್ತು ನೀನು ಬಾಯಿ ಬಿಡಲಿಲ್ಲ. ಅದಕ್ಕೇ ಬಂದೆ.”

“ಇಲ್ಲೇ ಇರುತ್ತೆ.”

ಉನ್ನುರ್ ಕೋಟಿನ ಗುಂಡಿಯೊಂದನ್ನು ಬಿಚ್ಚಿ, ಮತ್ತೆ ಹಾಕಿಕೊಂಡಳು.

“ಅವತ್ತು ಬೆಳಗ್ಗೆ ಓರ್ರಿ ಅಡುಗೆಮನೆಗೆ ಬಂದಾಗ್ಲೇ ಗಪ್ಪಂತ ಹೆಂಡದ ವಾಸನೆ ಹೊಡೀತಿತ್ತು. ಬೂಟಿನ ಲೇಸ್ ಕಟ್ಕೊಳ್ಳೋಕೂ ಆಗ್ತಿರಲಿಲ್ಲ ಅವನಿಗೆ,” ಎಂದಳು. “ನಾನೇ ಕಟ್ಟಿ ಕಳಿಸ್ದೆ.”

ಕಿಟಕಿಯಾಚೆ, ಸ್ತೇಯ್ನಾರನ ದೋಣಿ ನಿಲ್ಲುತ್ತಿದ್ದ ಜಾಗದಲ್ಲಿ, ನೀರು ತೆಳ್ಳಗೆ ಹೆಪ್ಪುಗಟ್ಟತೊಡಗಿತ್ತು. ಕಡಲಹಕ್ಕಿಯೊಂದು ಅದರ ಮೇಲೆ ಒಂದು ಕಾಲಿಟ್ಟು, ಇನ್ನೊಂದನ್ನು ಊರದೆ ನಿಂತಿತ್ತು.