ಒಂದು ಗೇಣು

ಹೊಗೆಸೊಪ್ಪಿನ ಅಂಟು ಕೈಗೆ ಹತ್ತಿದರೆ ಏಳು ಕೆರೆಯ ನೀರಿಗೂ ಹೋಗದು. ಸುನಂದಮ್ಮನ ಅಂಗೈ ಕಪ್ಪಾಗಿ, ತುತ್ತೆಲ್ಲ ಕಹಿಯಾಗಿ ಎಷ್ಟೋ ವರ್ಷ ಆಗಿತ್ತು. ಈಗ ಒಂಬತ್ತು ವರ್ಷದ ಮಗಳು ಚಿನ್ನುವಿನ ಅಂಗೈಯೂ ಕಪ್ಪು. ಸ್ಕೂಲು ಬಿಡಿಸಿ ಹದಿನೈದು ದಿನ. ಹಸಿ ಸೊಪ್ಪಿನ ನಂಜಿಗೆ ಬೆಳಿಗ್ಗೆಯಿಂದ ಎರಡು ಸಲ ವಾಂತಿ ಮಾಡಿದ್ದಳು. ಆದರೂ ಎಲೆ ಎತ್ತಿ ಎತ್ತಿ ಅವ್ವನಿಗೆ ಕೊಡುತ್ತಿದ್ದಳು.

ಕಟ್ಟೆಮಳಲವಾಡಿಯ ಬೆಳೆಗಾರ ಶಿವಶಂಕರ ಸೊಪ್ಪು ಬೇಯಿಸಲು ಕಟ್ಟಿಸಿದ ಹೊಸ ಬ್ಯಾರನ್ ಮುಂದೆ ಹನ್ನೆರಡು ಹೆಂಗಸರು ಎಲೆಯನ್ನು ಕಡ್ಡಿಗೆ ಕಟ್ಟುತ್ತಿದ್ದರು. ಕಡ್ಡಿಗಿಷ್ಟು ಅಂತ ಕೂಲಿ. ಹೋದ ವರ್ಷ ಸುನಂದಮ್ಮ ಒಬ್ಬಳೇ ಕಟ್ಟಿದಷ್ಟು ಕಡ್ಡಿ ಈಗ ತಾಯಿ ಮಗಳು ಸೇರಿದರೂ ಆಗದು.

"ಕೈ ಓಡ್ತಿಲ್ಲ ಕಣತ್ತೆ. ನಂಗೇ ಏನೋ ಬಂದದೆ," ಅಂದಳು ಸುನಂದಮ್ಮ.

"ನಿಂಗೇನೂ ಬಂದಿಲ್ಲ ಕಣವ್ವ. ಕಡ್ಡಿ ಬೆಳೀತಾ ಅದೆ, ನಮ್ ಬೆವ್ರು ಕುಡ್ದು!" ಅಂದಳು ಮುದುಕಿ ರಾಮಮ್ಮ. ಎದ್ದು ಹೋಗಿ ಒಲೆ ಹತ್ತಿರ ಬಿದ್ದಿದ್ದ ಹಳೇ ಕಡ್ಡಿ ತಂದು ಹೊಸದರ ಪಕ್ಕ ಇಟ್ಟಳು.

ಹೊಸದು ಒಂದು ಗೇಣು ಉದ್ದ.

ಹನ್ನೆರಡು ಜನರ ಕೈಯೂ ನಿಂತಿತು. ಶಿವಶಂಕರ ಓಡಿ ಬಂದ.

"ಯಾಕ್ರಮ್ಮಾ? ಎಲೆ ಬಾಡ್ತಾ ಅದೆ!"

"ಕಡ್ಡಿ ಯಾಕಿಂಗೆ ಉದ್ದ ಬುದ್ಧಿ? ಕೂಲಿ ಮಾತ್ರ ಅಷ್ಟೇ ಅದಲ್ಲ?" ಅಂದಳು ಸುನಂದಮ್ಮ.

"ಹೊಸ ಬ್ಯಾರನ್ ಅಗಲ ಅದೆ, ಅದ್ಕೇಯ. ಕೂಲಿ ಮಾತೆತ್ಬೇಡಿ. ಅಲ್ಲೆಲ್ಲೋ ಯುದ್ಧ. ಹಡಗು ನಿಂತೋಗದೆ, ಸೊಪ್ಪು ಕೊಳ್ಳೋರಿಲ್ಲ. ಕಷ್ಟಾನ ಎಲ್ರೂ ಹಂಚ್ಕೋಬೇಕು."

ರಾಮಮ್ಮ ನಕ್ಕಳು. "ಕೊಳ್ಳೋರಿಲ್ಲ ಅಂತ ಅರಮನೆಯಂಗೆ ಬ್ಯಾರನ್ ಕಟ್ಸುದ್ರಾ? ಭಲೇ ಯುದ್ಧ ಕಣ್ರೀ! ಅದ್ರ ಗುಂಡು ಏಳು ಸಮುದ್ರ ದಾಟಿ, ನಿಮ್ ಮಾಳಿಗೆ ದಾಟಿ, ಈ ಕೂಸಿನ ಹೊಟ್ಟೆಗೇ ಬಂದು ಬಿತ್ತಾ?"

"ಬಾಯ್ಮುಚ್ಚೇ ಮುದುಕಿ! ಆಗ್ದಿದ್ರೆ ಎದ್ದೋಗಿ. ಪಿರಿಯಾಪಟ್ಟಣದಿಂದ ಲೋಡುಗಟ್ಲೆ ಆಳು ತತ್ತೀನಿ."

ಚಿನ್ನು ಮತ್ತೆ ಕಾರಿಕೊಂಡಳು. ಬರೀ ನೀರು. ಸುನಂದಮ್ಮ ಸೆರಗಿನಲ್ಲಿ ಮಗಳ ಬಾಯಿ ಒರೆಸಿದಳು. ಸೌದೆ ಸೀಳುವ ಮಚ್ಚು ಎತ್ತಿಕೊಂಡಳು. ಹಳೇ ಕಡ್ಡಿಯ ಅಳತೆಗೆ ಹೊಸದನ್ನಿಟ್ಟು ಕಚಕ್ಕನೆ ಕಡಿದಳು.

"ಏಯ್! ಗಿಡ್ಡ ಕಡ್ಡಿ ಬ್ಯಾರನ್ ತೊಲೆಗೆ ಎಟುಕಲ್ಲ ಕಣೇ!"

"ಕಮ್ಮಿ ಬಿದ್ದ ಗೇಣಿಗೆ ನಿಮ್ ಕೈ ಕೊಡ್ರಿ," ಅಂದಳು ರಾಮಮ್ಮ.

"ಪೊಲೀಸ್ನೋರ್ನ ಕರೀತೀನಿ!"

"ಕರೀರಿ," ಅಂದಳು ಸುನಂದಮ್ಮ. "ಮಗೀನ ಸ್ಕೂಲ್ ಬುಡ್ಸಿದ್ ತಪ್ಪು ನಾನ್ ಹೇಳ್ತೀನಿ. ಕಡ್ಡಿ ಉದ್ದ ಮಾಡಿದ್ ತಪ್ಪು ನೀವು ಹೇಳಿ. ಏಳು ಚಿನ್ನು, ಕೈ ತೊಳ್ಕೊ. ನಾಳೆಯಿಂದ ಸ್ಕೂಲಿಗೆ."

ಮಚ್ಚು ಪಕ್ಕದವಳ ಕೈಗೆ ಹೋಯಿತು. ಅವಳೂ ತನ್ನ ಕಡ್ಡಿಯನ್ನು ಒಂದು ಗೇಣು ಕಡಿದಳು. ಅಲ್ಲಿಂದ ಅದರಾಚೆಯವಳಿಗೆ. ಕೊಯ್ದ ಸೊಪ್ಪು ಬಿಸಿಲಲ್ಲಿ ಬೇಯುತ್ತಲೇ ಇತ್ತು. ಯಾರೂ ಮುಟ್ಟಲಿಲ್ಲ.