ಒಂದು ಪೂರ್ತಿ, ಒಂದು ಅರ್ಧ

ಬಚ್ಚಲಲ್ಲಿ ನೀರು ಬೀಳುತ್ತಿದೆ, ಬಕೆಟ್ಟು ತುಂಬಿ ಚೆಲ್ಲುವ ಸದ್ದು, ಅಂದರೆ ಹೆಂಡತಿ ಇನ್ನೂ ಒಳಗಿದ್ದಾಳೆ, ಅಂದರೆ ಇನ್ನೂ ಹತ್ತು ನಿಮಿಷ ಅವಳ ಮುಖ ನೋಡುವ ಪ್ರಮೇಯವಿಲ್ಲ — ಅವನು ಬೆಂಚಿಗೆ ಬಾಗಿ, ಬೆನ್ನು ಮನೆಯ ಕಡೆಗೆ, ಮುಖ ಗೋಡೆಯ ಕಡೆಗೆ, ಚರ್ಮದ ತುಂಡೊಂದರ ಅಂಚನ್ನು ರಂಪಿಗೆಯಿಂದ ಕೆರೆಯುತ್ತಲೇ ಇದ್ದಾನೆ, ಕೆರೆಯಲು ಏನೂ ಉಳಿದಿಲ್ಲ, ಕೈ ಸುಮ್ಮನಿದ್ದರೆ ಕಣ್ಣು ಆ ಕಾಗದದ ಕಡೆ ಹೋಗುತ್ತದೆ, ಅದಕ್ಕೆ. ಮಡಿಸಿದ ಕಾಗದ, ಯಾರದೋ ಅಳತೆಗೆ ಕೆತ್ತಿದ ಮರದ ಪಾದದ ಕೆಳಗೆ. ತಾನು ಮುಂದೆ ಅಂಗಡಿಯ ಷಟರ್ ಎತ್ತಲು ಹೋದಾಗ ತಂದಿಟ್ಟು ಹೋಗಿದ್ದಾಳೆ. ಇಪ್ಪತ್ತಾರು ವರ್ಷದಿಂದ ಹೀಗೇ, ಅವನದು ಕಾಗೆ ಕಾಲು ಗುಬ್ಬಿ ಕಾಲು, ಅವಳದು ಮುತ್ತು ಪೋಣಿಸಿದಂಥ ಅಕ್ಷರ, ಅಂಗಡಿಯಿಂದ ಹೊರಗೆ ಹೋಗುವ ಯಾವ ಕಾಗದವೂ ಅವಳ ಕೈ ದಾಟಿಯೇ ಹೋಗಬೇಕು — ನಿನ್ನೆ ಸಂಜೆ ಗೀಚಿದ್ದನ್ನು, ವೆಬ್‌ಸೈಟಿನಲ್ಲಿ ಏನೇನಿರಬೇಕು ಅನ್ನುವ ಪಟ್ಟಿ, ಒಂದರಿಂದ ಏಳು, ಬೆಳಿಗ್ಗೆ ಅವಳ ಕಾಫಿ ಲೋಟದ ಪಕ್ಕ ಇಟ್ಟು, ಹನ್ನೊಂದಕ್ಕೆ ಆ ವೆಬ್‌ಸೈಟ್ ಮಾಡೋ ಹುಡುಗಿ ಬರ್ತಾಳೆ, ಅಷ್ಟರೊಳಗೆ ನೀಟಾಗಿ ಬರ್ದುಕೊಡು ಎಂದು ಹೇಳಿ ಅಲ್ಲಿಂದ ಜಾರಿಕೊಂಡಿದ್ದ. ಏಳನೆಯದನ್ನು ಬಾಯಿಬಿಟ್ಟು ಹೇಳುವುದಕ್ಕೆ ಹೊತ್ತಿರಲಿಲ್ಲ. ಹೊತ್ತಿತ್ತು. ಧೈರ್ಯವಿರಲಿಲ್ಲ, ಸರಿ, ಯಾರ ಮುಂದೆ ಒಪ್ಪಿಕೊಳ್ಳಬೇಕಾಗಿದೆ, ಇಲ್ಲಿ ಯಾರಿದ್ದಾರೆ. ಈಗ ಹತ್ತೂವರೆ. ಹುಡುಗಿಯನ್ನು ಏನೇನು ಕೇಳಬೇಕು, ಅದನ್ನು ಯೋಚಿಸುವುದು ವಾಸಿ — ಎಷ್ಟು ಪುಟ, ಎಷ್ಟು ದಿನ, ಮೊದಲು ಮಾಡಿದ್ದು ಎರಡು ಮೂರು ತೋರಿಸಮ್ಮ, ಸೈಟಿನ ಹೆಸರು ಯಾರ ಹೆಸರಿನಲ್ಲಿರುತ್ತೆ, ಪಾಸ್‌ವರ್ಡು ಯಾರ ಹತ್ರ, ಅರ್ಧಕ್ಕೆ ಕೈಕೊಟ್ಟು ಹೋದರೆ ನನ್ನ ಗತಿಯೇನು. ಇದಕ್ಕೆ ಮೊದಲು ಬಂದವರಿಬ್ಬರನ್ನೂ ಹತ್ತು ನಿಮಿಷದಲ್ಲಿ ಸಾಗಹಾಕಿದ್ದ, ಮಾತು ಕೇಳಿ ಅಲ್ಲ, ಶೂ ಹಿಮ್ಮಡಿ ನೋಡಿ. ಒಬ್ಬನದು ಹೊರಗಡೆಯೇ ಸವೆದಿತ್ತು, ಭಾರ ಬಿದ್ದ ಕೂಡಲೆ ಪಕ್ಕಕ್ಕೆ ವಾಲುವ ಜಾತಿ, ಇನ್ನೊಬ್ಬನದು ಸವೆದೇ ಇರಲಿಲ್ಲ. ಈ ಹುಡುಗಿ ಮಾತ್ರ ಮೊನ್ನೆ ಬಂದಾಗ ಕ್ಯಾನ್ವಾಸ್ ಶೂಗೆ ಎರಡೆರಡು ಗಂಟು ಹಾಕಿದ್ದಳು, ಅಟ್ಟೆ ಎರಡೂ ಕಡೆ ಸಮನಾಗಿ ಸವೆದಿತ್ತು, ನಂಬಬಹುದು, ಮುಖ ಹೇಗಿತ್ತು ಅಂತ ಕೇಳಿದರೆ ಅವನಿಗೆ ನೆನಪಿಲ್ಲ.

ಎಲ್ಲ ಆ ರಬ್ಬರಿನಿಂದ ಆದದ್ದು. ಎದುರು ಅಂಗಡಿಯವನಿಗೆ ಅವನಿಟ್ಟ ಹೆಸರು ಅದು, ರಬ್ಬರ್, ಕೈಯಲ್ಲಿ ಒಂದು ಹೊಲಿಗೆ ಬಾರದ ಪುಣ್ಯಾತ್ಮ, ಪೆಟ್ಟಿಗೆಯಲ್ಲಿ ಬರುವ ಸಿದ್ಧ ಮೆತ್ತೆಗಳನ್ನು ಶೂ ಒಳಗೆ ತುರುಕಿ ಮಾರುತ್ತಾನೆ, ಆರು ತಿಂಗಳಿಗೆ ಅವು ಹಪ್ಪಳವಾಗುತ್ತವೆ, ಆದರೂ ಕುಂಟುವವರೆಲ್ಲ ಅಲ್ಲಿಗೇ ಹೋಗುತ್ತಾರೆ, ಈ ಗಾಜಿನ ಬಾಗಿಲ ಮುಂದೆಯೇ ಕುಂಟುತ್ತಾ ಹಾದುಹೋಗುತ್ತಾರೆ, ಯಾಕೆಂದರೆ ರಬ್ಬರಿಗೆ ವೆಬ್‌ಸೈಟಿದೆ, ಅದರಲ್ಲೊಂದು ವಿಡಿಯೋ, ಒಂದು ಹೆಣ್ಣು ಕುಂಟುತ್ತಾಳೆ, ಮರುಕ್ಷಣ ಓಡುತ್ತಾಳೆ, ನಗುತ್ತಾಳೆ. ಸುಳ್ಳು ಕುಂಟು! ಇವನಿಗಲ್ಲದೆ ಯಾರಿಗೆ ಗೊತ್ತಾಗಬೇಕು, ಒಮ್ಮೆ ಎಡಗಾಲು ಒಮ್ಮೆ ಬಲಗಾಲು, ದುಡ್ಡು ಕೊಟ್ಟು ಕುಂಟಿಸಿದ್ದು. ಇಲ್ಲಿ ಹೋದ ತಿಂಗಳು ಇಡೀ ನಾಲ್ಕು ಜೋಡಿ, ಅದರಲ್ಲೊಂದು ಸತ್ತವನದು, ಶೂ ತಯಾರಾದಾಗ ಕಾಲೇ ಇರಲಿಲ್ಲ. ಅದನ್ನೆಲ್ಲ ಹೇಳಿಕೊಂಡಾಗ ಹುಡುಗಿ ಫೋನಿನಲ್ಲಿ ಅಂದಳು, ನಿಮ್ದೂ ಒಂದು ಹಾಗೇ ಹಾಕೋಣ ಸರ್, ಮೊದ್ಲು ಹೀಗೆ ಆಮೇಲೆ ಹೀಗೆ, ಆದ್ರೆ ನಿಜವಾದ ಕಾಲಾಗಿರ್ಲಿ, ಮುಖ ಬೇಡ, ಮಂಡಿಯಿಂದ ಕೆಳಗೆ ಸಾಕು, ಗಿರಾಕಿಗಳಲ್ಲಿ ಯಾರಾದ್ರೂ ಒಪ್ತಾರಾ ಕೇಳಿ. ಗಿರಾಕಿಗಳು! ಹಾಗೆ ಕೇಳುವ ಅಂಗಡಿಯೇ ಅಲ್ಲವಲ್ಲ ಇದು. ಅಪ್ಪ ಅಂಗಡಿ ತೆರೆದ ದಿನವೇ ಒಂದು ಮೂಲೆಗೆ ಹಸಿರು ಪರದೆ ಕಟ್ಟಿದ್ದ, ಅಳತೆ ಕೊಡುವವರು ಅದರ ಹಿಂದೆಯೇ ಶೂ ಬಿಚ್ಚಬೇಕು, ಅವರ ಜೊತೆ ಬಂದ ತಾಯಿಯಾದರೂ ಸರಿ ಹೊರಗೇ ನಿಲ್ಲಬೇಕು, ಮರದ ಪಾದಗಳ ಮೇಲೆ ಹೆಸರಿಲ್ಲ, ಬರೀ ನಂಬರು. ನಿಂಗೆ ಅದು ಕಾಲು ಕಣೋ, ಅವ್ರಿಗೆ ಅದು ಮಾನ, ಅನ್ನುತ್ತಿದ್ದ ಅಪ್ಪ. ಅಪ್ಪನ ಕಾಲದಲ್ಲಿ ಎದುರಿಗೆ ರಬ್ಬರ್ ಇರಲಿಲ್ಲ. ಆಮೇಲೆ ಅವನಿಗೆ ಹೊಳೆದದ್ದು, ಫೋನು ಇಟ್ಟ ಕೈ ಇನ್ನೂ ಬಿಸಿಯಾಗಿತ್ತು, ಹೊಳೆದಾಗ ಒಂಥರಾ ಖುಷಿಯಾಗಿತ್ತು, ಹೌದು, ಖುಷಿಯೇ — ಹೊರಗೆ ಯಾಕೆ ಹುಡುಕಬೇಕು, ಮನೆಯಲ್ಲೇ ಇದೆಯಲ್ಲ, ಹೆಂಡತಿಯದು, ಊರೆಲ್ಲ ಹುಡುಕಿದರೂ ಸಿಗದ ಕಾಲು, ಎಡಗಾಲು ಮೂರು ಬೆರಳಗಲ ಗಿಡ್ಡ, ಹಿಮ್ಮಡಿ ನೆಲ ಮುಟ್ಟುವುದೇ ಇಲ್ಲ, ಬೆರಳ ಮೇಲೆಯೇ ನಡೆ. ಅದಕ್ಕೆ ತಾನು ಮಾಡಿಕೊಟ್ಟ ಶೂ ಹಾಕಿದರೆ ನಡಿಗೆ ನೇರ, ಊರಿನಲ್ಲಿ ಒಬ್ಬರಿಗೂ ಗೊತ್ತಿಲ್ಲ, ಸದ್ದು ಮಾತ್ರ ಸ್ವಲ್ಪ ಬೇರೆ, ಟಕ್, ಡಬ್, ಟಕ್, ಡಬ್, ಆ ಸದ್ದಿನಿಂದಲೇ ಅವಳು ಮನೆಯಲ್ಲಿ ಎಲ್ಲಿದ್ದಾಳೆ ಎಂದು ಅವನು ತಲೆಯೆತ್ತದೆ ಹೇಳಬಲ್ಲ. ಬಚ್ಚಲಿನಿಂದ ಸ್ಟೂಲಿಗೆ ಮಾತ್ರ ಸದ್ದಿಲ್ಲ. ಅಲ್ಲಿ ನಾಲ್ಕು ಹೆಜ್ಜೆ ಬರಿಗಾಲು, ಅಷ್ಟೂ ಹೊತ್ತು ಅವನು ತಿರುಗಬಾರದು, ಅಳತೆಗೆ ಕೂತಾಗ ಕಾಲು ನೋಡಬಹುದು, ಅದು ನಡೆಯುವುದನ್ನು ಅವನೂ ನೋಡಬಾರದು, ಅವಳು ಸ್ಟೂಲಿನ ಮೇಲೆ ಕೂತು ಕಾಲುಚೀಲ ಹಾಕಿ, ಶೂ ಹಾಕಿ, ದಾರ ಬಿಗಿದು, ಬಟ್ಟೆಯಿಂದ ನೆಲ ಒರೆಸುತ್ತಾಳೆ, ಎಂದಾದರೊಮ್ಮೆ ಒರೆಸುವುದು ತಪ್ಪಿದರೆ ಅವನಿಗೆ ಕಾಣುತ್ತದೆ, ಸಿಮೆಂಟಿನ ಮೇಲೆ ಒದ್ದೆ ಗುರುತು, ಒಂದು ಪೂರ್ತಿ ಪಾದ, ಒಂದು ಅರ್ಧ, ಐದು ಬೆರಳು ಮತ್ತು ಅದರ ಹಿಂದೆ ಏನೂ ಇಲ್ಲ. ಅದು ಆರುವವರೆಗೆ ಅವನು ನೋಡುತ್ತಾ ಕೂತದ್ದಿದೆ.

ಮೊದಲ ಸಲ ಅದನ್ನು ಕೈಯಿಂದ ಕಂಡದ್ದು, ಕಣ್ಣಿನಿಂದಲ್ಲ. ಆಗ ಅವಳು ಹತ್ತೊಂಬತ್ತರ ಹುಡುಗಿ, ಪರದೆಯ ಹಿಂದೆ ಕೂತು ಕಾಲುಚೀಲ ಬಿಚ್ಚಲು ಒಲ್ಲೆ ಅನ್ನುತ್ತಿದ್ದಾಳೆ, ಅಪ್ಪನಿಗೆ ಜ್ವರ, ತಾನೊಬ್ಬನೇ, ಆಯ್ತು ನಾನು ಕಣ್ಣು ಮುಚ್ಕೋತೀನಿ ಅಂದ, ನಿಜವಾಗಿಯೂ ಮುಚ್ಚಿಕೊಂಡ, ಟೇಪನ್ನು ಬೆರಳಿನಿಂದ ತಡವಿ ತಡವಿ ಅಳತೆ ತೆಗೆದ, ಅಂಗಾಲು ಐಸಿನಂತೆ ತಣ್ಣಗಿತ್ತು, ಅವಳು ನಕ್ಕಳು, ಕಚಗುಳಿ ಆಗತ್ತೆ ರೀ — ರೀ ಅಂದಳು, ಆಗಲೇ, ಗೊತ್ತಿಲ್ಲದೆ. ಮದುವೆಗೆ ಅವಳು ಚಿನ್ನ ಕೇಳಲಿಲ್ಲ, ಬೇರೆ ಮನೆ ಕೇಳಲಿಲ್ಲ. ನೀವು ಬಿಟ್ಟು ಇನ್ಯಾರೂ ಇದನ್ನ ನೋಡ್ಬಾರ್ದು. ನೋಡಲ್ಲ ಅಂದ. ಆಣೆ? ಆಣೆ. ನಾಲ್ಕು ವರ್ಷದ ಹಿಂದೆ ಮಹಡಿ ಮೆಟ್ಟಿಲಿನಿಂದ ಉರುಳಿದಾಗ ಶೂ ಕಳಚಿ ಎಲ್ಲೋ ಬಿದ್ದಿತ್ತು, ಮಣಿಕಟ್ಟು ಮುರಿದು ಕೈ ಒಂದು ಕಡೆಗೆ ತಿರುಗಿತ್ತು, ನೆರೆಯವರು ಓಡಿಬರುವ ಸದ್ದು, ಅವಳು ಅಯ್ಯೋ ಅನ್ನಲಿಲ್ಲ, ಅಮ್ಮಾ ಅನ್ನಲಿಲ್ಲ, ಶೂ ರೀ ಶೂ, ಮೊದ್ಲು ಶೂ ಅಂದಳು, ಅವನು ದಾರ ಕಟ್ಟಿದ ಮೇಲೆಯೇ ಅತ್ತಳು. ಅಂಥವಳನ್ನು. ಅಂಥವಳನ್ನು ಅಂದರೇನು, ತಾನೇನು ಕೊಲ್ಲುತ್ತಿದ್ದಾನಾ? ಹನ್ನೆರಡು ಹೆಜ್ಜೆ, ಆರು ಬರಿಗಾಲಲ್ಲಿ ಆರು ಶೂನಲ್ಲಿ, ಮುಗೀತು. ವರ್ಷಕ್ಕೊಂದು ಜೋಡಿಯ ಮೇಲೆಯೇ ಮಾಡಿಕೊಟ್ಟಿದ್ದಾನೆ, ಮದುವೆಗೆ ಬಿಳಿಯದು, ಅವಳಮ್ಮ ಸತ್ತಾಗ ಕಪ್ಪು, ಆ ಕಾಲಿನ ಮೇಲೆ ತನ್ನ ಕಣ್ಣು ಸವೆದಿದೆ, ಅದರ ಮೇಲೆ ತನಗೂ ಒಂದು ಹಕ್ಕಿದೆ. ಐವತ್ತು ಹತ್ತಿರವಾಯ್ತು, ಈ ವಯಸ್ಸಿನಲ್ಲಿ ನಿನ್ನ ಕಾಲು ಯಾರು ನೋಡ್ತಾರೆ ಬಿಡೆ ಅಂತ ಹೇಳಬೇಕು — ಯಾರೂ ನೋಡದಿದ್ದರೆ ಹಾಕುವುದು ಯಾಕೆ ಅಂತ ಕೇಳಿದರೆ? ಕೇಳುವುದಿಲ್ಲ, ಅವಳು ಹಾಗೆಲ್ಲ ಎದುರು ಮಾತಾಡುವವಳಲ್ಲ, ಒಂದು ದಿನ ಊಟ ಬಿಡುತ್ತಾಳೆ, ಎರಡು ದಿನ ಮುಖ ಊದಿಸಿಕೊಳ್ಳುತ್ತಾಳೆ, ಮೂರನೇ ದಿನ ನಡೆಯುತ್ತಾಳೆ, ಹೋಗುವುದಾದರೂ ಎಲ್ಲಿಗೆ, ಯಾರ ಮನೆಗೆ ಹೋದರೂ ಶೂ ಸವೆದಾಗ ಇಲ್ಲಿಗೇ ಬರಬೇಕಲ್ಲ, ಅವಳ ಕಾಲಿನ ಮರದ ಅಚ್ಚು ಇರುವುದು ತನ್ನ ಕಪಾಟಿನಲ್ಲಿ. ಈ ಯೋಚನೆಯಿಂದ ಅವನಿಗೆ ಸಮಾಧಾನವಾಗುತ್ತದೆ, ಸಮಾಧಾನವಾದದ್ದಕ್ಕೆ ಸ್ವಲ್ಪ ನಾಚಿಕೆಯೂ ಆಗುತ್ತದೆ, ನಾಚಿಕೆ ಬೇಗ ಹೋಗುತ್ತದೆ.

ನೀರು ನಿಂತಿದೆ. ಯಾವಾಗ ನಿಂತಿತು, ಗಮನಿಸಲೇ ಇಲ್ಲ. ಬಚ್ಚಲ ಬಾಗಿಲು ಕಿರ್ ಅಂದದ್ದು ಕೇಳಿಸಿತ್ತಾ, ಕೇಳಿಸಿರಬೇಕು, ಅಂದರೆ ಈಗ ಸ್ಟೂಲಿನ ಮೇಲೆ ಕೂತಿದ್ದಾಳೆ, ಕಾಲುಚೀಲ ಹಾಕುತ್ತಿದ್ದಾಳೆ, ತಿರುಗಬಾರದು, ಟಕ್ ಡಬ್ ಕೇಳಿಸುವವರೆಗೆ ತಿರುಗಬಾರದು — ಬೆನ್ನ ಹಿಂದೆ ತಣ್ಣಗೆ ಗಾಳಿ ಸುಳಿಯಿತು, ಯಾರೋ ಮುಂದಿನ ಬಾಗಿಲು ತೆಗೆದ ಹಾಗೆ, ಹುಡುಗಿ ಬೇಗನೇ ಬಂದಳೇನೋ, ಕೂತ್ಕೊಳಮ್ಮ ಬಂದೆ ಅಂದ, ತಿರುಗದೆಯೇ. ಸ್ಟೂಲಿನ ಮೇಲೆ ಇವಳ್ಯಾಕೆ ಇಷ್ಟು ಹೊತ್ತು. ಅಳುತ್ತಿದ್ದಾಳಾ? ಅಳಲಿ, ಅತ್ತರೆ ಹಗುರಾಗುತ್ತೆ, ಆಮೇಲೆ ಒಪ್ಪುತ್ತಾಳೆ, ಅವಳು ಅಳುತ್ತಿರುವಾಗಲೇ ಕಾಗದ ನೋಡಿಬಿಡುವುದು ಒಳ್ಳೆಯದು, ಏಳನೆಯದನ್ನು ಬರೆದಿದ್ದಾಳೋ ಬಿಟ್ಟಿದ್ದಾಳೋ, ಬಿಟ್ಟಿದ್ದರೆ ಜಗಳ, ಬರೆದಿದ್ದರೆ ಒಪ್ಪಿಗೆ. ಮರದ ಪಾದ ಸರಿಸಿದ, ಮಡಿಕೆ ಬಿಡಿಸಿದ. ಒಂದು, ಅಂಗಡಿಯ ಹೆಸರು ದೊಡ್ಡದಾಗಿ. ಎರಡು, ಅಪ್ಪನ ಫೋಟೋ. ಮೂರು, ನಾಲ್ಕು, ತೆರೆಯುವ ಹೊತ್ತು, ಮುಚ್ಚುವ ಹೊತ್ತು. ಐದು, ಹಸಿರು ಪರದೆ. ಆರು, ಫೋನ್ ನಂಬರು. ಒಂದು ಕಾಟಿಲ್ಲ, ಒಂದು ತಿದ್ದಿಲ್ಲ, ಸಾಲು ಗೆರೆ ಎಳೆದಂತೆ ನೇರ. ಏಳು, ಹೆಂಡತಿಯನ್ನು ಬರಿಗಾಲಲ್ಲಿ ನಡೆಸಬೇಕು, ಮುಖವೂ ಕಾಣಬೇಕು, ಮುಖ ಕಂಡರೆ ಜನ ನಂಬುತ್ತಾರೆ — ಬರೆದಿದ್ದಾಳೆ! ಉಸಿರು ಬಿಟ್ಟ, ಒಪ್ಪಿದ್ದಾಳೆ, ನೋಡು ಸುಮ್ಮನೆ ಹೆದರಿದ್ದೆ, ಆಮೇಲೆ ಅದರ ಮುಂದೆಯೂ ಸಾಲು ಇರುವುದು ಕಂಡಿತು, ಅದೇ ಮುತ್ತಿನಂಥ ಅಕ್ಷರ, ಸ್ವಲ್ಪ ಜಾಸ್ತಿಯೇ ಕುಂಟಿದರೆ ಒಳ್ಳೆಯದು. ಅದನ್ನು ಹೊಡೆದುಹಾಕಿದ್ದೆನಲ್ಲ. ನಿನ್ನೆ ಬರೆದ ಕೂಡಲೆ ಛೆ ಅನ್ನಿಸಿ ಹೊಡೆದುಹಾಕಬೇಕು ಅಂದುಕೊಂಡಿದ್ದ, ಅಷ್ಟರಲ್ಲಿ ಗಿರಾಕಿ ಬಂದ, ಹೊಡೆದುಹಾಕಿದ್ದೇನೆ ಅಂದುಕೊಂಡೇ ಮಲಗಿದ್ದ, ಏ, ಅದು ಹಾಗಲ್ಲ ಕಣೇ, ಅದನ್ನ ನಾನು ತೆಗ್ದಿದ್ದೆ, ಕೇಳಿಸ್ತಾ, ಎಂದು ಗೋಡೆಗೇ ಹೇಳಿದ, ಆಮೇಲೆ ಇಪ್ಪತ್ತಾರು ವರ್ಷದ ಕಟ್ಟಳೆ ಮುರಿದು, ಟಕ್ ಡಬ್ ಕೇಳಿಸುವ ಮುಂಚೆಯೇ, ತಿರುಗಿದ.

ಸ್ಟೂಲು ಖಾಲಿ. ಅದರ ಕೆಳಗೆ ಶೂ ಜೋಡಿಯಾಗಿ ಇವೆ, ದಾರ ಬಿಗಿದು ಕಟ್ಟಿದೆ, ಎಡಗಡೆಯದರ ದಪ್ಪ ಅಟ್ಟೆ ಮೊನ್ನೆ ತಾನೆ ಪಾಲಿಶ್ ಮಾಡಿದ್ದು. ನೆಲ ಒರೆಸುವ ಬಟ್ಟೆ ಗೂಟದಲ್ಲೇ ಇದೆ. ಒದ್ದೆ ಗುರುತು ಸ್ಟೂಲಿನವರೆಗೆ ಬಂದು ನಿಂತಿಲ್ಲ, ಅವನ ಬೆಂಚಿನ ಹಿಂದಿನಿಂದಲೇ ಹಾದುಹೋಗಿದೆ, ಅವನ ಕುರ್ಚಿಯ ಕಾಲಿಗೆ ಒಂದು ಗೇಣು ದೂರದಲ್ಲಿ, ಒಂದು ಪೂರ್ತಿ, ಒಂದು ಅರ್ಧ, ಹಸಿರು ಪರದೆ ದಾಟಿ, ಗಾಜಿನ ಬಾಗಿಲು ದಾಟಿ, ಬಾಗಿಲು ತೆರೆದೇ ಇದೆ, ಹೊರಗೆ ಹನ್ನೊಂದು ಗಂಟೆಯ ಬಿಸಿಲು, ಎದುರಿಗೆ ರಬ್ಬರ್ ಮೆಟ್ಟಿಲಿಗೆ ಬಂದು ನಿಂತು ಬೀದಿಯ ತುದಿಯನ್ನೇ ನೋಡುತ್ತಿದ್ದಾನೆ, ಅವನ ಗಿರಾಕಿಗಳೂ ನೋಡುತ್ತಿದ್ದಾರೆ, ಬಸ್ ಸ್ಟಾಪಿನವರೆಲ್ಲ ಒಂದೇ ಕಡೆ ತಿರುಗಿದ್ದಾರೆ. ಓಡಬೇಕು, ಶೂ ತೆಗೆದುಕೊಂಡು ಓಡಬೇಕು. ಕ್ಯಾನ್ವಾಸ್ ಶೂ ಎರಡು ಹೊಸ್ತಿಲಲ್ಲಿ ಬಂದು ನಿಂತವು, ಎರಡೆರಡು ಗಂಟು, ಬರಬಹುದಾ ಸರ್, ಈಗ ಒಬ್ರು ಇಲ್ಲಿಂದಾನೇ ಹೋದ್ರಲ್ಲ ಬರಿಗಾಲಲ್ಲಿ, ನಿಮ್ಮ ಗಿರಾಕೀನಾ, ಕರೀಲಾ, ಅಂಥ ಕಾಲೇ ಸರ್ ನಮ್ಗೆ ಬೇಕಾಗಿದ್ದು — ಹುಡುಗಿ ಇನ್ನೂ ಏನೇನೋ ಹೇಳುತ್ತಿದ್ದಾಳೆ, ಅವನು ಅವಳ ಮುಖ ನೋಡಲಿಲ್ಲ, ನೋಡಮ್ಮ ತುಳೀಬೇಡ, ಅದನ್ನ ತುಳೀಬೇಡ, ಅಂದ, ಹೊಸ್ತಿಲ ಮೇಲೆ ಕೊನೆಯದು ಇನ್ನೂ ಆರಿಲ್ಲ, ಅರ್ಧ, ಐದು ಬೆರಳು, ಅದರ ಹಿಂದೆ ಏನೂ ಇಲ್ಲ, ಐದು ಬೆರಳು, ಏನೂ ಇಲ್ಲ, ಐದು ಬೆರಳು —